ಸಿನಿಮಾ ಮುಗಿದ ಮೇಲಿನ ಅರ್ಧ ಗಂಟೆ

ನಮಸ್ಕಾರ. ಇವತ್ತಿನ ಮಾತನ್ನ ಒಬ್ಬ ಹೆಂಗಸು ಕೇಳಿದ ಪ್ರಶ್ನೆಯಿಂದ ಶುರು ಮಾಡ್ತೀನಿ.

ಮಲೆನಾಡಿನ ಒಂದು ಸಣ್ಣ ಊರಲ್ಲಿ ನಾವು ಹತ್ತು-ಹನ್ನೆರಡು ಜನ ಸೇರಿ ತಿಂಗಳಿಗೊಂದು ಸಿನಿಮಾ ತೋರಿಸ್ತೀವಿ. ಸಮುದಾಯ ಭವನದ ಹಾಲು, ಬಾಡಿಗೆ ಪ್ರೊಜೆಕ್ಟರು, ಕಿಟಕಿಗೆ ಕಪ್ಪು ಟಾರ್ಪಾಲು, ಶಾಮಿಯಾನದವರ ಹತ್ರ ತಂದ 80 ಪ್ಲಾಸ್ಟಿಕ್ ಕುರ್ಚಿ. ಬಾಗಿಲ ಹತ್ರ ಒಂದು ಸ್ಟೀಲ್ ಡಬ್ಬಿ ಇಟ್ಟಿರ್ತೀವಿ, ಮುಚ್ಚಳಕ್ಕೆ ಸೀಳು ಕೊರೆಸಿದ್ದು. ಇಷ್ಟ ಬಂದಷ್ಟು ಹಾಕಿ, ಹಾಕದಿದ್ರೂ ಒಳಗೆ ಬನ್ನಿ.

ಒಂದ್ಸಲ ಅಡಿಕೆ ಸುಗ್ಗಿಯ ಹೊತ್ತಲ್ಲಿ ಇರಾನಿನ ಒಂದು ಸಿನಿಮಾ ಹಾಕಿದ್ವಿ. ಅಡಿಕೆ ಸುಲಿಯೋ ಚಪ್ಪರದಿಂದ ಸೀದಾ ನಾಲ್ಕೈದು ಹೆಂಗಸರು ಬಂದು ಹಿಂದಿನ ಸಾಲಲ್ಲಿ ಕೂತ್ರು. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಬರಲ್ಲ. ನಮ್ಮ ಹುಡುಗನೊಬ್ಬ ಅವರ ಪಕ್ಕ ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳ್ತಾ ಹೋದ. ಅರ್ಧ ಸಿನಿಮಾ ಆಗೋ ಹೊತ್ತಿಗೆ ಅವರಲ್ಲೊಬ್ಬರು ಅವನ ಮೊಣಕೈ ತಟ್ಟಿ, "ಸಾಕು ಮಾರಾಯ, ಸುಮ್ನಿರು, ಗೊತ್ತಾಗ್ತದೆ" ಅಂದ್ರು.

ಸಿನಿಮಾ ಮುಗೀತು, ಟ್ಯೂಬ್‌ಲೈಟ್ ಹಾಕಿದ್ವಿ. ಯಾರಾದ್ರೂ ಏನಾದ್ರೂ ಮಾತಾಡ್ತೀರಾ ಅಂತ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಆ ಹಿಂದಿನ ಸಾಲಿಂದ, ಚೊಗರು ಹತ್ತಿ ಕಪ್ಪಾದ ಬೆರಳಲ್ಲಿ ಸೆರಗಿನ ತುದಿ ಸುತ್ತುತ್ತಾ ಆ ಹೆಂಗಸು ಕೇಳಿದ್ರು: "ತಮಾ, ಆ ಹುಡುಗಿ ಅಪ್ಪಂಗೆ ಮೊದಲೇ ಗೊತ್ತಿತ್ತಲ್ವಾ? ಗೊತ್ತಿದ್ದೂ ಸುಮ್ನಿದ್ದ ಅಲ್ವಾ?"

ಮುಂದಿನ ಸಾಲಲ್ಲಿದ್ದ ನಿವೃತ್ತ ಬಸ್ ಡ್ರೈವರ್ ಒಬ್ಬರು ತಿರುಗಿ ಕೂತು, "ಇಲ್ಲಮ್ಮ, ಅವನಿಗೆ ಗೊತ್ತಿರಲಿಲ್ಲ, ಅನುಮಾನ ಇತ್ತು ಅಷ್ಟೆ" ಅಂದ್ರು. ಒಬ್ಬ ಕಾಲೇಜು ಹುಡುಗಿ ಎದ್ದು ನಿಂತಳು. ಗೊತ್ತಿರೋದಕ್ಕೂ ಅನುಮಾನಕ್ಕೂ ಎಷ್ಟು ದೂರ ಅನ್ನೋ ಮಾತು ಮನೆಮನೆಯ ಅಪ್ಪಂದಿರವರೆಗೂ ಹೋಯ್ತು. ವಾಚ್‌ಮನ್ ಬಂದು ಬೀಗದ ಕೈ ಗಲಗಲ ಅನ್ನಿಸೋವರೆಗೂ ಮಾತು ನಿಲ್ಲಲಿಲ್ಲ.

ನಾನು ಇವತ್ತು ಹೇಳೋಕೆ ಬಂದಿರೋದು ಆ ಅರ್ಧ ಗಂಟೆಯ ವಿಚಾರ. ಸಿನಿಮಾ ಈಗ ಎಲ್ಲರ ಜೇಬಲ್ಲೂ ಇದೆ. ಆ ಅರ್ಧ ಗಂಟೆ ಯಾವ ಆ್ಯಪ್‌ನಲ್ಲೂ ಇಲ್ಲ. ಮಲ್ಟಿಪ್ಲೆಕ್ಸ್‌ನಲ್ಲಂತೂ ಕೊನೇ ದೃಶ್ಯ ಮುಗಿಯೋದ್ರೊಳಗೆ ಕಸ ಗುಡಿಸೋರು ಬಾಗಿಲಲ್ಲಿ ನಿಂತಿರ್ತಾರೆ. ಅವರದು ತಪ್ಪಲ್ಲ, ಮುಂದಿನ ಶೋಗೆ ಹತ್ತೇ ನಿಮಿಷ ಇರೋದು. ಲಾಭದ ಲೆಕ್ಕದಲ್ಲಿ ಖಾಲಿ ಪರದೆ ಮುಂದೆ ಜನ ಕೂತು ಮಾತಾಡೋದು ನಷ್ಟ. ಅದಕ್ಕೇ ಲಾಭದ ಲೆಕ್ಕ ಹಾಕದ ಒಂದು ಚಿತ್ರಮಂದಿರ ಪ್ರತಿ ಊರಿಗೂ ಬೇಕು ಅನ್ನೋದು ನನ್ನ ವಾದ.

"ಊರಿನ ಜನಕ್ಕೆ ಇಂಥ ಸಿನಿಮಾ ಹಿಡಿಸಲ್ಲ ರೀ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ" ಅನ್ನೋರಿದ್ದಾರೆ. ಓದಿದವರೇ ಹೀಗಂತಾರೆ ಅನ್ನೋದು ನನಗೆ ಹೆಚ್ಚು ನೋವು. ಯಾಕಂದ್ರೆ ಈ ಮಾತಿಗೆ ಐವತ್ತು ವರ್ಷದ ಹಿಂದೆಯೇ ನಮ್ಮ ನಾಡಲ್ಲಿ ಉತ್ತರ ಸಿಕ್ಕಾಗಿದೆ.

ಸಾಗರ ತಾಲೂಕಿನ ಹೆಗ್ಗೋಡು. 1949ರಲ್ಲಿ ಅಲ್ಲಿ ಶುರುವಾದ ನೀನಾಸಂ ನಾಟಕಕ್ಕೆ ಹೆಸರಾದ ಸಂಸ್ಥೆ. ಆದ್ರೆ 1973ರಲ್ಲಿ ಅದೇ ಅಂಗಳದಲ್ಲಿ ಚಿತ್ರಸಮಾಜವೂ ಹುಟ್ಟಿತು ಅನ್ನೋದು ಇವತ್ತಿನ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಅದರ ಬೆನ್ನೆಲುಬು ಕೆ.ವಿ. ಸುಬ್ಬಣ್ಣ. ಮನೆಯಲ್ಲಿ ಅಡಿಕೆ ತೋಟ, ಕೈಯಲ್ಲಿ ಅಕ್ಷರ ಪ್ರಕಾಶನ, ತಲೆಯಲ್ಲಿ ಜಗತ್ತು. ಬಂಗಾಳದ ಸತ್ಯಜಿತ್ ರೇ, ಜಪಾನಿನ ಕುರೊಸಾವಾ ಮಾಡಿದ ಸಿನಿಮಾಗಳನ್ನ ಅವರು ಆ ಹಳ್ಳಿಯ ಜನಕ್ಕೆ ತೋರಿಸಿದ್ರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಸಿನಿಮಾ ರಸಗ್ರಹಣ ಕಲಿಸ್ತಿದ್ದ ಸತೀಶ್ ಬಹಾದ್ದೂರ್, ಅಲ್ಲಿನ ಫಿಲ್ಮ್ ಆರ್ಕೈವ್ ಕಟ್ಟಿದ ಪಿ.ಕೆ. ನಾಯರ್, ಇಂಥವರೆಲ್ಲ ಹೆಗ್ಗೋಡಿಗೆ ಬಂದು ಶಿಬಿರ ನಡೆಸಿದ್ರು. ನಾಯರ್ ಅಂದ್ರೆ ಈ ದೇಶದ ಹಳೇ ಸಿನಿಮಾಗಳ ರೀಲುಗಳನ್ನ ಗುಜರಿ ಪಾಲಾಗದ ಹಾಗೆ ಹುಡುಕಿ ತಂದು ಕೂಡಿಟ್ಟವರು. ಅಂಥವರು ಹಳ್ಳಿಗೆ ಬಂದ್ರು, ಹಳ್ಳಿಯ ಪ್ರೇಕ್ಷಕರನ್ನ ನಂಬಿ ಬಂದ್ರು.

ಆಮೇಲೆ 1980ರ ದಶಕದಲ್ಲಿ ಜನಸ್ಪಂದನ ಅನ್ನೋ ಯೋಜನೆಯಲ್ಲಿ ಇದೇ ಕೆಲಸ ಹೆಗ್ಗೋಡು ದಾಟಿ ಊರೂರಿಗೆ ಹೋಯ್ತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳಲ್ಲಿ ನಾಟಕದ ಮಾತೇ ಎದ್ದು ಕಂಡಿರಬಹುದು. ನನ್ನ ಮಟ್ಟಿಗೆ ಅದು ಸಿನಿಮಾ ತೋರಿಸಿದವರಿಗೂ ಸಂದ ಗೌರವ.

ಬೆಂಗಳೂರಿನಲ್ಲಿ 1971ರಿಂದ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ, ಅಂದ್ರೆ ಸದಸ್ಯರೇ ಸೇರಿ ಒಳ್ಳೇ ಸಿನಿಮಾ ತರಿಸಿ ನೋಡೋ ಸಂಘ. ಬನಶಂಕರಿ ಎರಡನೇ ಹಂತದಲ್ಲಿ ಅದರ ಸ್ವಂತ ಕಟ್ಟಡ, ಶಂಕುಸ್ಥಾಪನೆ ಮಾಡಿದ್ದು ಸತ್ಯಜಿತ್ ರೇ. ಒಂದು ಫಿಲ್ಮ್ ಸೊಸೈಟಿಗೆ ತನ್ನದೇ ಅಂತ ಒಂದು ಸೂರು ಇರೋದು ಈ ದೇಶದಲ್ಲಿ ಬಲು ಅಪರೂಪ. ಸೂರು ಇದ್ದಿದ್ದಕ್ಕೇ ಅಲ್ಲಿ ಸಿನಿಮಾದ ಜೊತೆ ನಾಟಕ, ಪುಸ್ತಕ ಬಿಡುಗಡೆ, ಮಕ್ಕಳ ಶಿಬಿರ ಎಲ್ಲ ಬೇರುಬಿಟ್ಟಿತು. ಸೂರಿಲ್ಲದ ಎಷ್ಟೋ ಸೊಸೈಟಿಗಳು ಅಧ್ಯಕ್ಷರ ಮನೆಯ ಕಪಾಟಿನಲ್ಲಿ ಒಂದು ರಶೀದಿ ಪುಸ್ತಕ, ಒಂದು ರಬ್ಬರ್ ಸ್ಟಾಂಪ್ ಆಗಿ ಉಳಿದುಬಿಟ್ವು.

ನಾನು ಇಲ್ಲಿ ಬಣ್ಣ ಕಟ್ಟಿ ಹೇಳೋದಿಲ್ಲ. ಫಿಲ್ಮ್ ಸೊಸೈಟಿ ಚಳವಳಿ ದೊಡ್ಡದು: 1947ರಲ್ಲಿ ರೇ ಮತ್ತು ಅವರ ಗೆಳೆಯರು ಕಲ್ಕತ್ತಾದಲ್ಲಿ ಶುರು ಮಾಡಿದ್ದು, 1959ರಲ್ಲಿ ದೇಶದ ಒಕ್ಕೂಟ ಆಯ್ತು. ಸದಸ್ಯರಿಗಷ್ಟೇ ತೋರಿಸೋ ವಿದೇಶಿ ಸಿನಿಮಾಗಳಿಗೆ ಸೆನ್ಸಾರ್‌ನಿಂದ ವಿನಾಯಿತಿಯೂ ಸಿಕ್ತು. ಆ ವಿನಾಯಿತಿಯ ಆಸೆಗೇ ಸದಸ್ಯರಾದವರು ಬಹಳ ಜನ ಇದ್ರು. ಟಿವಿ ಬಂತು, ಡಿವಿಡಿ ಬಂತು, ಅವರೆಲ್ಲ ಚದುರಿದ್ರು. ಉಳಿದವರಲ್ಲೂ ಕೆಲವು ಕಡೆ ಅದೇ ಮೂವತ್ತು ಮುಖ, ಅದೇ ಇಂಗ್ಲಿಷ್ ಚರ್ಚೆ. ಪಕ್ಕದ ಬೀದಿಯವರಿಗೆ ಒಳಗೇನು ನಡೀತಿದೆ ಅಂತಲೇ ಗೊತ್ತಿರ್ತಿರಲಿಲ್ಲ. ಊರಿಗೆ ಬಾಗಿಲು ತೆರೆಯದ ಚಿತ್ರಮಂದಿರ ಎಷ್ಟೇ ಒಳ್ಳೇ ಸಿನಿಮಾ ತೋರಿಸಿದ್ರೂ ಬಾಳೋದಿಲ್ಲ ಅಂತ ನನಗನ್ನಿಸಿದ್ದು ಅಲ್ಲೇ.

ಬಾಗಿಲು ತೆರೆಯೋದು ಅಂದ್ರೆ ಮೊದಲು ಭಾಷೆ. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮ ಬಳಗದ ಅರ್ಧ ಶ್ರಮ ಹೋಗೋದು ಇದಕ್ಕೇ. ಆ ಇರಾನಿ ಸಿನಿಮಾ ಆದ ಮೇಲೆ ನಾವು ಕನ್ನಡ ಸಬ್‌ಟೈಟಲ್ ಬರೆಯೋಕೆ ಶುರು ಮಾಡಿದ್ವಿ. ಒಬ್ಬ ಹೈಸ್ಕೂಲ್ ಮೇಷ್ಟ್ರು, ಒಬ್ಬಳು ಎಂ.ಎ. ಹುಡುಗಿ, ಒಂದು ಹಳೇ ಲ್ಯಾಪ್‌ಟಾಪ್. ಒಂದು ಸಿನಿಮಾಕ್ಕೆ ಹೆಚ್ಚುಕಡಿಮೆ ಸಾವಿರ ಸಾಲು, ಮೂರು ವಾರದ ಕೆಲಸ. ಒಂದು ರಾತ್ರಿ ಒಂದೇ ಮಾತಿಗೆ ಸಿಕ್ಕಿಕೊಂಡ್ವಿ. ಮಗ ಅಪ್ಪನ ಹಾಸಿಗೆ ಪಕ್ಕ ಕೂತು ಒಂದು ಮಾತು ಹೇಳ್ತಾನೆ. ಇಂಗ್ಲಿಷ್‌ನಲ್ಲಿ ಅದು ಬರೀ "ಸಾರಿ". ಮೇಷ್ಟ್ರು "ಕ್ಷಮಿಸಿ" ಅಂತ ಬರೆದಿದ್ರು. ಹುಡುಗಿ ಒಪ್ಪಲಿಲ್ಲ: "ಸರ್, ನಮ್ಮ ಮನೇಲಿ ಯಾರು ಅಪ್ಪಂಗೆ ಕ್ಷಮಿಸಿ ಅಂತಾರೆ?" ಹಾಗೇ ಬಿಟ್ಟುಬಿಡೋಣ, ಮುಖವೇ ಹೇಳ್ತದೆ ಅಂದೆ ನಾನು. ಹನ್ನೊಂದೂವರೆಗೆ ಮೇಷ್ಟ್ರೇ ಅದನ್ನ ಅಳಿಸಿ "ತಪ್ಪಾಯ್ತಪ್ಪಾ" ಅಂತ ಹೊಡೆದ್ರು. ಪ್ರದರ್ಶನದ ದಿನ ಆ ಸಾಲು ಪರದೆ ಮೇಲೆ ಬಂದಾಗ ಹಾಲಲ್ಲಿ ಯಾರೋ ಮೂಗು ಏರಿಸಿದ್ದು ಕೇಳಿಸ್ತು. ಆ ಸದ್ದಿಗೋಸ್ಕರ ಇನ್ನೂ ನೂರು ಸಿನಿಮಾಕ್ಕೆ ಸಬ್‌ಟೈಟಲ್ ಬರೆಯೋಕೆ ನಾನು ತಯಾರಿದ್ದೀನಿ.

ಇನ್ನು ದುಡ್ಡಿನ ಮಾತು. ಲಾಭ ಬೇಡ ಅಂದ ಮಾತ್ರಕ್ಕೆ ಖರ್ಚು ಕಡಿಮೆ ಆಗೋದಿಲ್ಲ. ಸಿನಿಮಾದ ಹಕ್ಕಿರೋರ ಅನುಮತಿ ಬೇಕು, ಅವರಿಗೆ ಶುಲ್ಕ ಕೊಡಬೇಕು, ಕೊಡಲೇಬೇಕು. ಕದ್ದು ಡೌನ್‌ಲೋಡ್ ಮಾಡಿ ತೋರಿಸಿ, ಕಲಾವಿದರ ಪರ ಭಾಷಣ ಮಾಡೋದು ಸರಿಯಲ್ಲ. ಕಾಯಂ ಚಿತ್ರಮಂದಿರ ಮಾಡಬೇಕಾದ್ರೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಲೈಸೆನ್ಸು ಬೇಕು, ಅಗ್ನಿಶಾಮಕದವರ ಒಪ್ಪಿಗೆ ಬೇಕು. ಚಿತ್ರಮಂದಿರದ ಗುಣಮಟ್ಟದ ಡಿಜಿಟಲ್ ಪ್ರೊಜೆಕ್ಟರ್ ಅಂದ್ರೆ ಹತ್ತಾರು ಲಕ್ಷ. ನೂರು ಕುರ್ಚಿಯ ಹಾಲಿಗೂ ಸಾವಿರ ಕುರ್ಚಿಯ ಟಾಕೀಸಿಗೂ ಒಂದೇ ತರದ ಕಟ್ಟುಪಾಡು ಹಾಕಿದ್ರೆ ಸಣ್ಣವರು ಬದುಕೋದು ಹೇಗೆ? ಬೆಂಕಿಯ ವಿಚಾರದಲ್ಲಿ ರಾಜಿ ಬೇಡ. ಉಳಿದ ಕಾಗದಪತ್ರ ಹಗುರ ಮಾಡಬಹುದು. 2025ರ ಸೆಪ್ಟೆಂಬರ್‌ನಲ್ಲಿ 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಸಣ್ಣ ಟಿಕೆಟ್ಟಿನ ಹಾಲಿಗೆ ಅದು ನಿಜಕ್ಕೂ ಅನುಕೂಲ.

ನಮ್ಮದೇ ಒಂದು ಕಹಿ ಅನುಭವ ಹೇಳ್ತೀನಿ. ಒಂದು ಟಾಕೀಸಿನ ಮಾಲೀಕರು ಭಾನುವಾರ ಬೆಳಗ್ಗೆ ಒಂದು ಶೋ ಬಿಟ್ಟುಕೊಡ್ತೀವಿ ಅಂದಿದ್ರು. ಒಂದು ಕನ್ನಡ ಸಿನಿಮಾ, ಹೊಸ ಹುಡುಗರು ಮಾಡಿದ್ದು, ಬಿಡುಗಡೆಗೆ ಪರದೆ ಸಿಗದೆ ಒದ್ದಾಡ್ತಿದ್ದದ್ದು. ನಿರ್ದೇಶಕ ರಾತ್ರಿ ಬಸ್ಸಲ್ಲಿ ಬಂದಿದ್ದ. ಬೆಳಗ್ಗೆ ಎಂಟು ಗಂಟೆಗೆ ಫೋನ್ ಬಂತು: ದೊಡ್ಡ ಸಿನಿಮಾಕ್ಕೆ ಹೆಚ್ಚುವರಿ ಶೋ ಹಾಕಿದ್ದೀವಿ, ನಿಮ್ಮದು ಇನ್ನೊಂದ್ಸಲ ನೋಡೋಣ. ಟಾಕೀಸಿನ ಎದುರಿನ ಹೋಟೆಲಲ್ಲಿ ಆ ಹುಡುಗ ತಟ್ಟೆ ಇಡ್ಲಿ ಮುಂದಿಟ್ಕೊಂಡು ಕೂತಿದ್ದ, ಒಂದು ತುತ್ತೂ ಇಳಿಯಲಿಲ್ಲ. ಅವನ ಸಿನಿಮಾ ನೋಡೋಕೆ ಬಂದ 43 ಜನ ರಸ್ತೆ ಬದಿ ನಿಂತಿದ್ರು. ಮಾಲೀಕರನ್ನ ನಾನು ಬೈಯೋದಿಲ್ಲ, ಅವರಿಗೂ ಕರೆಂಟ್ ಬಿಲ್ಲಿದೆ, ಸಂಬಳ ಕೊಡೋದಿದೆ. ಆದ್ರೆ ಆ 43 ಜನರನ್ನ ಲೆಕ್ಕಕ್ಕೆ ಹಿಡಿಯೋ ಒಂದು ಜಾಗ ಊರಲ್ಲಿ ಇರಬೇಕೋ ಬೇಡವೋ?

ಬೇರೆಯವರು ಇದನ್ನ ಮಾಡಿದ್ದಾರೆ. ಕೋಲ್ಕತ್ತಾದಲ್ಲಿ ಸರ್ಕಾರವೇ ನಂದನ್ ಅನ್ನೋ ಚಿತ್ರಮಂದಿರ ಕಟ್ಟಿತು, 1985ರಲ್ಲಿ ರೇ ಉದ್ಘಾಟಿಸಿದ್ರು. ಕೇರಳದಲ್ಲಿ ಸರ್ಕಾರಿ ಚಲನಚಿತ್ರ ನಿಗಮವೇ ತಿರುವನಂತಪುರದ ಕೈರಳಿ, ಶ್ರೀ, ನಿಳಾ ಚಿತ್ರಮಂದಿರಗಳನ್ನ ನಡೆಸುತ್ತೆ. ಸರ್ಕಾರದ ಕೈ ಇಲ್ಲದೆಯೂ ಆಗ್ತದೆ: ನ್ಯೂಯಾರ್ಕ್‌ನ ಫಿಲ್ಮ್ ಫೋರಂ ಅನ್ನೋ ಚಿತ್ರಮಂದಿರ 1970ರಲ್ಲಿ ಶುರುವಾದಾಗ ಇದ್ದದ್ದು 50 ಮಡಚೋ ಕುರ್ಚಿ, ಒಂದು ಪ್ರೊಜೆಕ್ಟರ್. ಇವತ್ತು ನಾಲ್ಕು ಪರದೆ. ಈಗಲೂ ಅದು ಲಾಭಕ್ಕಲ್ಲದ ಸಂಸ್ಥೆಯೇ. ಟಿಕೆಟ್ ದುಡ್ಡಿನ ಜೊತೆ ಸದಸ್ಯರ ಚಂದಾ, ದೇಣಿಗೆ ಸೇರಿಸಿ ನಡೆಯುತ್ತೆ. 50 ಕುರ್ಚಿ ಅಂತ ಓದಿದ ದಿನ ನಮ್ಮ ಶಾಮಿಯಾನದ 80 ಕುರ್ಚಿ ನೆನಪಾಗಿ ನನಗೆ ಬಹಳ ಧೈರ್ಯ ಬಂತು.

ನಮಗೂ ಪ್ರತಿ ವರ್ಷ ಬೆಂಗಳೂರಿನ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ, 2006ರಿಂದ ಶುರುವಾದದ್ದು. ಒಳ್ಳೇದು, ನಾನೂ ಹೋಗ್ತೀನಿ. ಆದ್ರೆ ಉತ್ಸವ ಅಂದ್ರೆ ಜಾತ್ರೆ. ವರ್ಷಕ್ಕೊಂದು ಜಾತ್ರೆ ಇದೆ ಅಂತ ವಾರದ ಸಂತೆ ನಿಲ್ಲಿಸೋಕಾಗುತ್ತಾ? ಹಾವೇರಿಯವರಿಗೆ, ಯಾದಗಿರಿಯವರಿಗೆ, ಚಾಮರಾಜನಗರದವರಿಗೆ ವಾರವಾರವೂ ಹೋಗಿ ಕೂರೋ ಜಾಗ ಬೇಕು. ಹೊಸ ಕಟ್ಟಡವೇ ಬೇಕಂತಿಲ್ಲ. ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ರಂಗಮಂದಿರಗಳಿವೆ. ಕಾರ್ಯಕ್ರಮ ಇಲ್ಲದ ದಿನ ಅವುಗಳ ಬೀಗ ತೆಗೆಯೋದಿಲ್ಲ. ವಾರಕ್ಕೊಂದು ಸಂಜೆ ಅಲ್ಲಿನ ಬಳಗಕ್ಕೆ ಕೊಡಲಿ, ಪ್ರೊಜೆಕ್ಟರಿಗೆ ಒಂದು ಸಲದ ಸಹಾಯ ಮಾಡಲಿ, ಆಮೇಲೆ ಯಾವ ಸಿನಿಮಾ ಅನ್ನೋದರಲ್ಲಿ ಕೈ ಹಾಕದಿರಲಿ. ಕೊನೇದು ಬಹಳ ಮುಖ್ಯ.

ಅಲ್ಲಿವರೆಗೆ ಕಾಯೋದು ಬೇಡ. ಹತ್ತು ಜನ ಸೇರಿದ್ರೆ ಒಂದು ಸಂಘ ನೋಂದಾಯಿಸಬಹುದು. ಚಂದಾ ವರ್ಷಕ್ಕೆ 300 ಇಡ್ತೀರೋ 500 ಇಡ್ತೀರೋ, ನಿಮ್ಮೂರಿನ ಕೈ ನೋಡಿಕೊಂಡು ಇಡಿ. ನಮ್ಮ ಡಬ್ಬಿಯಲ್ಲಿ ಕಳೆದ ತಿಂಗಳು ಸಿಕ್ಕಿದ್ದು 2,340 ರೂಪಾಯಿ, ಅದರಲ್ಲಿ ಬಹುಪಾಲು ಹತ್ತರ ನೋಟು. ಹಾಲಿನ ಬಾಡಿಗೆ, ಪ್ರೊಜೆಕ್ಟರು, ಚಹಾ ಎಲ್ಲ ಕಳೆದು 700 ಕಡಿಮೆ ಬಿತ್ತು, ನಾವೇ ಹಾಕಿದ್ವಿ. ಪ್ರತಿ ತಿಂಗಳೂ ಹೀಗೇ ಆದ್ರೆ ಕಷ್ಟ, ಅದನ್ನ ಮುಚ್ಚಿಡೋದಿಲ್ಲ. ಸದಸ್ಯರು ನೂರು ದಾಟಿದ್ರೆ ಕೈಯಿಂದ ಹಾಕೋದು ನಿಲ್ಲುತ್ತೆ. ಈಗ 61 ಜನ ಇದ್ದೀವಿ.

ಅರವತ್ತೊಂದನೆಯವರು ಆ ಅಡಿಕೆ ಸುಲಿಯೋ ಅಮ್ಮ. ಹೋದ ತಿಂಗಳು ರಶೀದಿ ಬರೆಸಿಕೊಂಡು, ಮಡಚಿ ಎಲೆ-ಅಡಿಕೆ ಚೀಲಕ್ಕೆ ಹಾಕಿಕೊಂಡ್ರು. "ಮುಂದಿನ ಸಲ ನಗೋ ಸಿನಿಮಾ ಹಾಕಿ, ನನ್ನ ಸೊಸೆಯನ್ನೂ ಕರಕೊಂಡು ಬರ್ತೇನೆ" ಅಂತ ಹೇಳಿ ಹೋಗಿದ್ದಾರೆ. ಬರೋ ಎರಡನೇ ಶನಿವಾರ, ಸಂಜೆ ಆರೂವರೆಗೆ ಶೋ. ನಗೋ ಸಿನಿಮಾನೇ ಹುಡುಕಿದ್ದೀವಿ, ಸಬ್‌ಟೈಟಲ್ ಇನ್ನೂ 200 ಸಾಲು ಬಾಕಿ ಇದೆ.