ಸುರುಳಿ ಯಾರ ಕೈಯಲ್ಲಿದೆ, ಅದನ್ನು ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಕಾಲೇಜಿಗೆ ಹೋಗುವ ಮಗನೋ ಮಗಳೋ ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಸರಣಿ, ಹಾಕಿಕೊಂಡು ಕೂತರೆ, "ಬರೀ ಹೊಡೆದಾಟ" ಅಂತ ಎದ್ದು ಹೋಗುತ್ತೀರಲ್ಲ, ಇವತ್ತಿನ ಮಾತು ನಿಮಗಾಗಿಯೇ. 'ಬ್ಯಾಸಿಲಿಸ್ಕ್' ಅಂತ ಒಂದು ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಇದೆ. ಫುತಾರೊ ಯಮಾದಾ 1958ರಲ್ಲಿ ಧಾರಾವಾಹಿಯಾಗಿ ಬರೆಯತೊಡಗಿದ ಕಾದಂಬರಿಯನ್ನು ಮಸಾಕಿ ಸೆಗಾವಾ ಐದು ಸಂಪುಟಗಳ ಮಾಂಗಾ ಮಾಡಿದರು. 2005ರಲ್ಲಿ ಅದು 24 ಕಂತುಗಳ ಅನಿಮೆಯಾಯಿತು. ರಕ್ತ ಧಾರಾಳವಾಗಿದೆ, ಚಿಕ್ಕ ಮಕ್ಕಳಿಗೆ ಬೇಡ.

ನಾನು ಹೇಳುವುದು ಒಂದೇ. ಇದರಲ್ಲಿ ಯಾರಿಗೆ ಎಂಥ ಶಕ್ತಿ ಇದೆ ಅಂತ ಲೆಕ್ಕ ಹಾಕುತ್ತ ಕೂರಬೇಡಿ. ಸುರುಳಿ ಯಾರ ಕೈಯಲ್ಲಿದೆ, ಅದನ್ನು ನೋಡಿ.

ಕಾಲ 1614. ಜಪಾನಿನ ಹಿಂದಿನ ಶೋಗನ್, ಅಂದರೆ ಸೇನಾಧಿಪತಿ-ಆಡಳಿತಗಾರ, ತೊಕುಗಾವಾ ಇಯೆಯಾಸುಗೆ ವಯಸ್ಸಾಗಿದೆ. ಇಬ್ಬರು ಮೊಮ್ಮಕ್ಕಳಲ್ಲಿ ಮುಂದೆ ಶೋಗನ್ ಪಟ್ಟ ಯಾರಿಗೆ? ಇದನ್ನು ತೀರ್ಮಾನಿಸಲು ಕೋಗಾ, ಇಗಾ ಎಂಬ ಎರಡು ನಿಂಜಾ ಕುಲಗಳನ್ನು ಕಾದಾಟಕ್ಕೆ ಬಿಡುತ್ತಾರೆ, ಒಬ್ಬೊಬ್ಬ ಮೊಮ್ಮಗನ ಪರ ಒಂದೊಂದು ಕುಲ. ತಲೆತಲಾಂತರದ ಹಗೆ, ಅದಕ್ಕೊಂದು ಒಪ್ಪಂದದ ಕಡಿವಾಣ. ಆ ಕಡಿವಾಣ ಕಳಚುತ್ತದೆ. ಆ ಕಡೆ ಹತ್ತು ಜನ, ಈ ಕಡೆ ಹತ್ತು ಜನ. ಇಪ್ಪತ್ತೂ ಹೆಸರು ಬರೆದ ಸುರುಳಿಗಳು ಎರಡು, ಕುಲಕ್ಕೊಂದು. ಸತ್ತವರ ಹೆಸರಿನ ಮೇಲೆ ರಕ್ತದ ಗೆರೆ.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ನನಗೆ ಬಹಳ ಪ್ರೀತಿಯ ಜಾಗ ಇದು. ಕೋಗಾದ ಹಿರಿಯ ದಾಂಜೊ, ಇಗಾದ ಹಿರಿಯಳು ಓಗೆನ್. ಹರೆಯದಲ್ಲಿ ಪ್ರೀತಿಸಿದ್ದವರು, ಕುಲದ ಹಗೆಯಿಂದ ದೂರವಾದವರು. ಈಗ ಇಬ್ಬರ ತಲೆಯೂ ನರೆತಿದೆ. ಆಬೆ ನದಿಯ ದಡದಲ್ಲಿ ಎದುರುಬದುರು ನಿಂತಿದ್ದಾರೆ. ಅವನ ಮೊಮ್ಮಗ ಗೆನ್ನೊಸುಕೆ, ಅವಳ ಮೊಮ್ಮಗಳು ಒಬೊರೊ ಮದುವೆಗೆ ಸಿದ್ಧರಾಗಿದ್ದಾರೆ, ಆ ಮದುವೆಯಿಂದಲೇ ಹಗೆ ತೀರಬೇಕಿತ್ತು. ದಾಂಜೊ ಬಾಯಿಂದ ಉಗಿದ ವಿಷದ ಸೂಜಿ ಓಗೆನ್‌ಳ ಕುತ್ತಿಗೆಗೆ ನಾಟುತ್ತದೆ. ಅವಳು ಅದೇ ಸೂಜಿಯಿಂದ ಅವನನ್ನು ಚುಚ್ಚುತ್ತಾಳೆ. ಎರಡು ಹೆಣಗಳೂ ನೀರಿನ ಪಾಲು. ಅಷ್ಟರಲ್ಲಿ ಅವಳು ಸಾಕಿದ ಗಿಡುಗ ಸುರುಳಿಯನ್ನು ಕಚ್ಚಿಕೊಂಡು ಇಗಾದ ಕಡೆ ಹಾರುತ್ತದೆ.

ಗಮನಿಸಿ, ಗಿಡುಗ ಹೊತ್ತೊಯ್ದದ್ದು ಒಂದು ಕಾಗದ, ಅಷ್ಟೇ. ಆದರೆ ಅದರಿಂದ ಇಗಾದವರಿಗೆ ಯುದ್ಧ ಶುರುವಾಗಿದೆ ಅಂತ ಗೊತ್ತಾಗುತ್ತದೆ. ಕೋಗಾಕ್ಕೆ ಹೊರಟಿದ್ದ ಇನ್ನೊಂದು ಸುರುಳಿಯನ್ನೂ ದಾರಿಯಲ್ಲೇ ಕಿತ್ತುಕೊಳ್ಳುತ್ತಾರೆ. ಆ ಹೊತ್ತಿಗೆ ಗೆನ್ನೊಸುಕೆ ಒಬೊರೊಳ ಅತಿಥಿಯಾಗಿ ಶತ್ರುಗಳ ನಡುವೆಯೇ ಇದ್ದಾನೆ. ಕೊಲ್ಲಲು ಬಂದವನ ಏಟು ಅವನಿಗೇ ತಿರುಗುವಂತೆ ಮಾಡುವ ಕಣ್ಣು ಅವನದು. ಎಂಥ ಮಾಯೆಯನ್ನೂ ನೋಟದಿಂದಲೇ ಅಳಿಸುವ ಕಣ್ಣು ಅವಳದು. ಏನು ಬಂತು? ಸುರುಳಿಯಲ್ಲಿ ಏನಿದೆ ಅಂತ ಇಬ್ಬರಿಗೂ ಗೊತ್ತಿಲ್ಲ. ಅವಳ ಕಡೆಯವರೇ ಅವಳಿಂದ ಮುಚ್ಚಿಟ್ಟಿದ್ದಾರೆ. ಇಂಥ ಕಣ್ಣಿದ್ದೂ ಕುರುಡರು!

ಸಮಯ ಆಗುತ್ತಾ ಬಂತು. ಕೋಗಾದ ಕಾಗೆರೊ ಬಗ್ಗೆ ಒಂದು ಮಾತು. ಮೋಹ ಉಕ್ಕಿದಾಗ ಉಸಿರೇ ವಿಷವಾಗುವ ಹೆಣ್ಣು ಅವಳು, ಗೆನ್ನೊಸುಕೆಯನ್ನು ಪ್ರೀತಿಸುತ್ತಾಳೆ. ಅವಳ ಅಧ್ಯಾಯಗಳನ್ನು ಮಾಂಗಾದಲ್ಲೇ ಓದಿ. ಅನಿಮೆಯಲ್ಲಿ ಪಾತ್ರಗಳ ಹಿಂದಿನ ಬದುಕನ್ನು ಬಿಡಿಸಿ ಹೇಳಿದ್ದಾರೆ ನಿಜ, ಆದರೆ ಸೆಗಾವಾರ ಗೆರೆಯ ಬಿಗಿ ಪುಟದಲ್ಲೇ ಹೆಚ್ಚು.

ಮೊದಲ ಕಂತನ್ನು ಮಾತ್ರ ದಯವಿಟ್ಟು ಬಿಟ್ಟು ನೋಡಬೇಡಿ. ನೇರ ಹೊಡೆದಾಟಕ್ಕೇ ಹಾರಿ, ಆಮೇಲೆ "ಅರ್ಥವಾಗಲಿಲ್ಲ" ಅನ್ನುವವರು ನನಗೆ ಬಹಳ ಜನ ಸಿಕ್ಕಿದ್ದಾರೆ. ಮಗಳು ಇವತ್ತು ರಾತ್ರಿ ಹಾಕಿದರೆ ಪಕ್ಕದಲ್ಲಿ ಕೂತುಕೊಳ್ಳಿ, ಸುರುಳಿ ಈಗ ಯಾರ ಹತ್ತಿರ ಇದೆ ಅಂತ ಅವಳನ್ನೇ ಕೇಳಿ. ನಮಸ್ಕಾರ.