ಕಾದಂಬರಿ ಓದಲು ಎಂಥ ಇ-ರೀಡರ್ ಬೇಕು?

ಕೇಳುಗರಿಗೆ ನಮಸ್ಕಾರ. ಮಲಗುವ ಮುನ್ನ ಇನ್ನೊಂದು ಅಧ್ಯಾಯ ಮುಗಿಸಿಬಿಡೋಣ ಎನ್ನುವ ಕಾದಂಬರಿಪ್ರಿಯರಿಗಾಗಿ ಈ ಮಾತು. ನಿಮಗೆ ಬೇಕಾದದ್ದು ಒಂದೇ ಕೈಯಲ್ಲಿ ಆಯಾಸವಿಲ್ಲದೆ ಹಿಡಿಯಬಹುದಾದ, ಆರು ಅಥವಾ ಏಳು ಇಂಚಿನ, ಕಪ್ಪು-ಬಿಳುಪು ಪರದೆಯ ಇ-ರೀಡರ್, ಅಂದರೆ ಇ-ಪುಸ್ತಕ ಓದಲೆಂದೇ ಮಾಡಿದ ಸಾಧನ. ಉಳಿದದ್ದೆಲ್ಲ ಆಮೇಲಿನ ವಿಚಾರ.

2004ರಲ್ಲಿ ಸೋನಿಯ, 2007ರಲ್ಲಿ ಅಮೆಜಾನಿನ ಕಿಂಡಲ್ ಎಂಬ ಇ-ರೀಡರುಗಳು ಬಳಕೆಗೆ ತಂದ ಈ ಪರದೆ ಮೊಬೈಲಿನದರಂತಲ್ಲ. ಇದರೊಳಗಿನ ಅತಿ ಸಣ್ಣ ಕೋಶಗಳಲ್ಲಿ ಕಪ್ಪು ಮತ್ತು ಬಿಳಿ ವರ್ಣಕಣಗಳಿರುತ್ತವೆ; ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಬಂದು ನಿಂತ ಕಣಗಳೇ ನಮಗೆ ಅಕ್ಷರಗಳಾಗಿ ಕಾಣುತ್ತವೆ. ಒಮ್ಮೆ ಮೂಡಿದ ಪುಟ ಹಾಗೆಯೇ ನಿಲ್ಲಲು ವಿದ್ಯುತ್ ಬೇಕಿಲ್ಲವಾದ್ದರಿಂದ ಬ್ಯಾಟರಿ ವಾರಗಟ್ಟಲೆ ಬರುತ್ತದೆ, ಬಿಸಿಲಿನಲ್ಲಿಯೂ ಅಕ್ಷರ ಸ್ಪಷ್ಟವಾಗಿರುತ್ತದೆ. ಬಣ್ಣದ ಪರದೆಯ ಮೋಹ ಬೇಡ. ಸಾಮಾನ್ಯವಾಗಿ ಅದರ ಮೇಲೊಂದು ಬಣ್ಣದ ಪದರವಿರುವುದರಿಂದ ಹಿನ್ನೆಲೆ ಮಂಕಾಗುತ್ತದೆ, ಕಾದಂಬರಿಗೆ ಬಣ್ಣದ ಅಗತ್ಯವೂ ಇಲ್ಲ.

ನನ್ನ ಪರಿಚಯದ ಹಿರಿಯ ಉಪನ್ಯಾಸಕಿಯೊಬ್ಬರು ದಪ್ಪ ದಪ್ಪ ಕಾದಂಬರಿಗಳನ್ನು ಓದಿ ಬೆಳೆದವರು. ದೊಡ್ಡದಿದ್ದರೆ ಕಣ್ಣಿಗೆ ಹಿತವೆಂದು ಯಾರೋ ಹೇಳಿದ ಮಾತು ಕೇಳಿ, ಹತ್ತು ಇಂಚಿನ, ಲೇಖನಿಯೂ ಇರುವ ಸಾಧನವನ್ನು ಕೊಂಡರು. ಅದರ ತೂಕ ಸುಮಾರು 400 ಗ್ರಾಂ. ಮಲಗಿ ಓದಲು ಹೋದರೆ ಮಣಿಕಟ್ಟು ನೋವು, ಒರಗಿ ಕುಳಿತರೆ ತೊಡೆಯ ಮೇಲೆ ದಿಂಬು ಬೇಕು. ಕೊನೆಗೆ ಮೇಜಿನ ಮುಂದೆ ನೆಟ್ಟಗೆ ಕುಳಿತೇ ಓದಬೇಕಾಯಿತು. ಹಾಗೆ ಕುಳಿತರೆ ಉತ್ತರಪತ್ರಿಕೆ ತಿದ್ದಿದಂತಾಗುತ್ತದೆ ಎಂದು ಅವರು ಬೇಸರಪಟ್ಟುಕೊಂಡಿದ್ದು ನನಗೆ ನೆನಪಿದೆ. ನಿಧಾನವಾಗಿ ಓದೇ ನಿಂತುಹೋಯಿತು. ಒಂದು ಸಂಜೆ ಮೊಮ್ಮಗಳ ಆರು ಇಂಚಿನ ಇ-ರೀಡರನ್ನು ಸುಮ್ಮನೆ ಕೈಗೆತ್ತಿಕೊಂಡವರು ಊಟಕ್ಕೆ ಕರೆದರೂ ಏಳಲಿಲ್ಲ. ಅಕ್ಷರದ ಗಾತ್ರವನ್ನು ತಮಗೆ ಬೇಕಾದಷ್ಟು ಹಿಗ್ಗಿಸಿಕೊಂಡಿದ್ದರು, ಅಷ್ಟೇ. ದೊಡ್ಡ ಸಾಧನ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಟಿಪ್ಪಣಿ ಬರೆಯುವವರಿಗೆ ಅದು ಸೊಗಸಾದ ಸಾಧನ. ಆದರೆ ಕಾದಂಬರಿಯನ್ನು ಗಂಟೆಗಟ್ಟಲೆ ಹೊರುವುದು ನಿಮ್ಮ ಕೈ. ದಯವಿಟ್ಟು ಆ ಕೈಯನ್ನು ಕೇಳಿ ಆರಿಸಿ.

ಸಮಯ ಸರಿಯುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ರಾತ್ರಿ ಓದುವವರು ಹಳದಿ ಛಾಯೆಗೆ ತಿರುಗಿಸಬಹುದಾದ ಬೆಳಕಿರುವುದನ್ನು ಕೊಳ್ಳಿ. ಪ್ರತಿ ಇಂಚಿಗೆ 300 ಚುಕ್ಕೆಗಳ ಪರದೆಯಿದ್ದರೆ ಸಾಕು. ಸಂಗ್ರಹ ಎಷ್ಟು ಗಿಗಾಬೈಟ್ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ, ಬರಿಯ ಅಕ್ಷರಗಳ ಕಾದಂಬರಿಗೆ ಬಹಳ ಕಡಿಮೆ ಜಾಗ ಸಾಕು. ಒಂದು ಅಂಗಡಿಯಲ್ಲಿ ಕೊಂಡ ಇ-ಪುಸ್ತಕ ಇನ್ನೊಂದರ ಸಾಧನದಲ್ಲಿ ಅನೇಕ ವೇಳೆ ತೆರೆಯುವುದಿಲ್ಲ. ಆದ್ದರಿಂದ ಕಿಂಡಲ್ ಆಗಲಿ, ಕೋಬೋ ಎಂಬ ಇನ್ನೊಂದು ಇ-ರೀಡರ್ ಆಗಲಿ, ನಿಮ್ಮ ಮೆಚ್ಚಿನ ಲೇಖಕರ ಕೃತಿಗಳು ಎಲ್ಲಿ ಸಿಗುತ್ತವೆ ಎಂಬುದನ್ನು ಮೊದಲೇ ನೋಡಿಕೊಳ್ಳಿ. ಮಾದರಿ ಅಧ್ಯಾಯವೊಂದನ್ನು ತೆರೆದು, ನಿಮ್ಮ ಭಾಷೆಯ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಪರೀಕ್ಷಿಸಿ. ಆ ಪರೀಕ್ಷೆಯನ್ನೂ ಒಂದೇ ಕೈಯಲ್ಲಿ ಹಿಡಿದು ಮಾಡಿ. ನಮಸ್ಕಾರ.