ರೊಟ್ಟಿ ಅಂಗಡಿಯ ಹುಡುಗ ಬ್ರಾಲಿಯಾ

ಕೇಳುಗರೇ, ನಮಸ್ಕಾರ.

ಚರ್ಮ ಹೊದಿಸಿದ ಮರದ ದಿಮ್ಮಿ, ಅದರ ಬೆನ್ನ ಮೇಲೆ ಎರಡು ಹಿಡಿ. ಕೈಗಳೆರಡೂ ಆ ಹಿಡಿಗಳ ಮೇಲೆ, ಮಿಕ್ಕ ದೇಹವೆಲ್ಲ ಗಾಳಿಯಲ್ಲಿ. ಕಾಲುಗಳು ಬೀಸುಗಲ್ಲಿನ ಹಾಗೆ ಸುತ್ತಬೇಕು. ಕಾಲು ಬರುವಾಗ ಒಂದು ಕೈ ಎತ್ತಿ ದಾರಿ ಬಿಡಬೇಕು. ಆ ಕ್ಷಣಕ್ಕೆ ಮೈಭಾರವೆಲ್ಲ ಒಂದೇ ಮಣಿಕಟ್ಟಿನ ಮೇಲೆ. ಜಿಮ್ನಾಸ್ಟಿಕ್ಸಿನ ಪಾಮೆಲ್ ಹಾರ್ಸ್ ಅಂದರೆ ಇದು. ನೋಡುವವರಿಗೆ ಸಲೀಸು, ಮಾಡುವವರ ಅಂಗೈಯನ್ನೇ ಕೇಳಬೇಕು.

ಅಂಥ ಅಂಗೈಯ ಒಬ್ಬ ಮನುಷ್ಯ ಆಲ್ಬೆರ್ಟೋ ಬ್ರಾಲಿಯಾ. ಹುಟ್ಟಿದ್ದು 1883ರಲ್ಲಿ, ಇಟಲಿಯ ಮೊಡೆನಾ ಪಕ್ಕದ ಕಾಂಪೊಗಲಿಯಾನೊದಲ್ಲಿ. ಬಡವರ ಮನೆ. ಎಳವೆಯಲ್ಲೇ ರೊಟ್ಟಿ ಸುಡುವವರ ಹತ್ತಿರ ಕೆಲಸಕ್ಕೆ ನಿಂತ. ಕಸರತ್ತು ಶುರುವಾದದ್ದು ಹುಲ್ಲು ತುಂಬುವ ಕೊಟ್ಟಿಗೆಯಲ್ಲಿ. ಆಮೇಲೆ ಮೊಡೆನಾದ ಪನಾರೋ ಎಂಬ ಜಿಮ್ನಾಸ್ಟಿಕ್ಸ್ ಸಂಘ ಅವನನ್ನು ಸೇರಿಸಿಕೊಂಡಿತು.

1906ರ ಅಥೆನ್ಸ್ ಕೂಟದಲ್ಲಿ, ಹಲವು ಕಸರತ್ತುಗಳ ಅಂಕ ಕೂಡಿಸಿ ಗೆಲುವು ತೀರ್ಮಾನಿಸುವ ಸ್ಪರ್ಧೆಗಳಲ್ಲಿ ಎರಡು ಬೆಳ್ಳಿ. ಎರಡೂ ಸಲ ಚಿನ್ನ ಒಯ್ದದ್ದು ಫ್ರಾನ್ಸಿನ ಪೇಸೆ. ಒಮ್ಮೆ ಎರಡು ಅಂಕ, ಇನ್ನೊಮ್ಮೆ ಒಂದೇ ಅಂಕದ ಅಂತರ. ಎರಡು ವರ್ಷ ಕಳೆದು ಲಂಡನ್ ಒಲಿಂಪಿಕ್ಸಿನಲ್ಲಿ ಅಂಥದೇ ಸ್ಪರ್ಧೆಯಲ್ಲಿ ಬ್ರಾಲಿಯಾ 317 ಅಂಕ ಗಳಿಸಿ ಚಿನ್ನ ಗೆದ್ದ. ಹಗ್ಗ ಹತ್ತುವುದೂ ಆಗ ಆ ಅಂಕದ ಲೆಕ್ಕಕ್ಕೇ ಸೇರಿತ್ತು.

ಚಿನ್ನ ಬಂತು, ಸರಿ. ಮರುದಿನದ ಊಟ? ಒಲಿಂಪಿಕ್ಸ್ ಆಗ ಹವ್ಯಾಸಿಗಳ ಕೂಟ. ಆಟದಿಂದ ಕಾಸು ಕಂಡವನು ಹೊರಗೆ. ಆಸ್ತಿ ಇದ್ದವರಿಗೆ ಈ ನಿಯಮ ಭಾರವೇನಲ್ಲ, ಬ್ರಾಲಿಯಾನಿಗೆ ಇದ್ದ ಆಸ್ತಿ ಮೈಕಟ್ಟೊಂದೇ. ಅವನು ಸರ್ಕಸ್ ಸೇರಿ 'ಮಾನವ ಟಾರ್ಪೆಡೊ' ಎಂಬ ಹೆಸರಿನಲ್ಲಿ ಹಾರತೊಡಗಿದ. ಒಂದು ದಿನ ಬಿದ್ದು ಭುಜ ಮುರಿಯಿತು, ಪಕ್ಕೆಲುಬುಗಳೂ ಮುರಿದವು. ಆ ದಿನಗಳಲ್ಲೇ ನಾಲ್ಕು ವರ್ಷದ ಮಗ ತೀರಿಕೊಂಡ. ಸಾಲದ್ದಕ್ಕೆ, ವೃತ್ತಿಪರನಾದೆ ಎಂದು ಇಟಲಿಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಅವನನ್ನು ಹೊರಗಿಟ್ಟಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಒಕ್ಕೂಟ ಮನಸ್ಸು ಬದಲಿಸಿತು. 1912ರ ಸ್ಟಾಕ್‌ಹೋಮ್‌ನಲ್ಲಿ ಇಟಲಿಯ ಧ್ವಜ ಹಿಡಿದು ಮುಂದೆ ನಡೆದವನು ಇದೇ ಬ್ರಾಲಿಯಾ. ವೈಯಕ್ತಿಕ ಚಿನ್ನ, ತಂಡದ ಚಿನ್ನ, ಎರಡೂ ಬಂದವು.

ಆಮೇಲೆ ಮತ್ತೆ ರಂಗಕ್ಕೇ. ಫೋರ್ಟುನೆಲ್ಲೊ ಅಂತ, ತಲೆ ಮೇಲೆ ತಗಡಿನ ಡಬ್ಬಿ ಇಟ್ಟುಕೊಂಡ ಪೆದ್ದನೊಬ್ಬ ಆ ಕಾಲದ ಚಿತ್ರಕಥೆಗಳಲ್ಲಿ ಮನೆಮಾತಾಗಿದ್ದ. ಎರಡು ಒಲಿಂಪಿಕ್ಸ್ ಗೆದ್ದವನು ಆ ವೇಷ ತೊಟ್ಟು ಯುರೋಪು, ಅಮೆರಿಕ ಸುತ್ತಿ ಜನರನ್ನು ನಗಿಸಿದ. ನನಗಂತೂ ಇದರಲ್ಲಿ ಕೀಳು ಅನ್ನುವಂಥದ್ದೇನೂ ಕಾಣುವುದಿಲ್ಲ. ದುಡಿದ, ಉಂಡ.

1932ರ ಲಾಸ್ ಏಂಜಲೀಸ್‌ಗೆ ಅವನು ಹೋದದ್ದು ಇಟಲಿ ತಂಡದ ತರಬೇತುದಾರನಾಗಿ. ತಂಡ ಚಿನ್ನ ಗೆದ್ದಿತು. ಶಿಷ್ಯ ರೊಮಿಯೊ ನೇರಿಯೊಬ್ಬನ ಪಾಲಿಗೇ ಮೂರು ಚಿನ್ನ.

ಮುಂದೆ ಬೊಲೋನಾದಲ್ಲಿ ಬ್ರಾಲಿಯಾ ಒಂದು ಬಾರ್ ಇಟ್ಟುಕೊಂಡಿದ್ದ. ಎರಡನೆಯ ಮಹಾಯುದ್ಧದ ಬಾಂಬಿಗೆ ಅದೂ ಹೋಯಿತು. ಮುಪ್ಪಿನಲ್ಲಿ ಮೊಡೆನಾಕ್ಕೆ ಮರಳಿ ವ್ಯಾಯಾಮಶಾಲೆಯೊಂದರ ಕಾವಲುಗಾರನಾದ. 1954ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡ.

ಮೊಡೆನಾದ ಕ್ರೀಡಾಂಗಣಕ್ಕೆ ಇವತ್ತು ಅವನದೇ ಹೆಸರು. ಅಲ್ಲಿ ಆಡುವುದು ಮಾತ್ರ ಫುಟ್‌ಬಾಲ್.

ನಮಸ್ಕಾರ.